ನ್ಯೂಯಾರ್ಕಿನ ಯಹೂದಿ ಸಂಗೀತಕ್ಕೆ, ಕಲೆಗೆ ಬೆನ್ನಾಗಿ ನಿಲ್ಲುವುದು ಹೇಗೆ: ಹೊರಗಿನವರಿಗೊಂದು ಸಮಗ್ರ ಮಾರ್ಗದರ್ಶಿ

ಡಿಸೆಂಬರ್‌ನ ಒಂದು ಶನಿವಾರ ರಾತ್ರಿ, ಮ್ಯಾನ್‌ಹಟನ್ನಿನ ಈಸ್ಟ್ ವಿಲೇಜ್‌ನಲ್ಲಿ ಒಂದು ಚಿಕ್ಕ ನೆಲಮಾಳಿಗೆ ಹಾಲ್. ಹೀಟರ್ ಕಟಕಟ ಅನ್ನುತ್ತಿತ್ತು. ಕ್ಲಾರಿನೆಟ್ ಹಿಡಿದವನು ‘ದೊಯ್ನಾ’ ಎತ್ತಿಕೊಂಡ. ತಾಳದ ಹಂಗಿಲ್ಲದೆ ಉಸಿರಿನ ಅಳತೆಯಲ್ಲೇ ಸಾಗುವ ನುಡಿಸಾಣಿಕೆ ಅದು, ಹೆಚ್ಚುಕಡಿಮೆ ನಮ್ಮ ಆಲಾಪನೆಯ ಹಾಗೆ. ಎರಡು ನಿಮಿಷ ಆಗಿರಬೇಕು, ಪಕ್ಕದಲ್ಲಿದ್ದ ಹೆಂಡತಿ ಮೊಣಕೈಯಲ್ಲಿ ತಿವಿದು “ವಕುಳಾಭರಣ ಅಲ್ವಾ?” ಅಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಪೂರ್ವ ಯುರೋಪಿನ ಯಹೂದಿಗಳ ಈ ವಾದ್ಯಸಂಗೀತಕ್ಕೆ ಕ್ಲೆಜ್ಮರ್ ಅಂತ ಹೆಸರು. ಕ್ಲೆಜ್ಮರ್‌ನವರು ‘ಫ್ರೇಗಿಶ್’ ಎಂದು ಕರೆಯುವ ಶ್ರೇಣಿಯ ಸ್ವರಸ್ಥಾನಗಳೂ ನಮ್ಮ 14ನೇ ಮೇಳಕರ್ತದ ಸ್ವರಸ್ಥಾನಗಳೂ ಒಂದೇ. ನಡೆ ಬೇರೆ, ಗಮಕ ಬೇರೆ. ಅಳು ಉಕ್ಕಿ ಗಂಟಲಲ್ಲೇ ತುಂಡಾದಂತೆ ಕೇಳುವ ಅವರ ಬಿರುಕಿಗೆ ‘ಕ್ರೆಖ್ತ್ಸ್’ ಅಂತ ಹೆಸರು. ನರಳಾಟ ಎಂದೇ ಅದರ ಅರ್ಥ.

ದೊಯ್ನಾ ಮುಗಿದಾಗ ತಲೆ ಎಣಿಸಿದೆ. ಕೇಳುವವರು 23, ನುಡಿಸುವವರು 5. ಕೊನೆಯಲ್ಲಿ ಟೋಪಿ ಸುತ್ತು ಬಂತು. ಅದರಲ್ಲಿ ಬಿದ್ದದ್ದನ್ನು ಐದು ಪಾಲು ಮಾಡಿದರೆ ಸಬ್‌ವೇ ಖರ್ಚು ಕಳೆದು ಒಂದು ಹೊತ್ತಿನ ಊಟಕ್ಕೆ ಆಗುತ್ತಿತ್ತೇನೋ.

ಅಲ್ಲಿಂದೀಚೆಗೆ ನಾನು ಈ ಸಂಗೀತದ ಸುತ್ತ ಕುರ್ಚಿ ಜೋಡಿಸಿದ್ದೇನೆ, ಟಿಕೆಟ್ ಹರಿದಿದ್ದೇನೆ, ಮನೆಯಲ್ಲಿ ಕಛೇರಿ ಮಾಡಿಸಿದ್ದೇನೆ, ತಪ್ಪುಗಳನ್ನೂ ಮಾಡಿದ್ದೇನೆ. ಈ ಕಲೆಗೆ ಏನಾದರೂ ಮಾಡಬೇಕು ಅನ್ನಿಸಿ ಎಲ್ಲಿಂದ ಶುರು ಮಾಡುವುದೆಂದು ತಿಳಿಯದ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಬಲ್ಲ ಊರು ನ್ಯೂಯಾರ್ಕ್, ಹಾಗಾಗಿ ಉದಾಹರಣೆಗಳೆಲ್ಲ ಇಲ್ಲಿನವೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಜ್ಜಿ ಹಾಡುತ್ತಿದ್ದ ಯಿಡ್ಡಿಷ್ ಹಾಡು, ಮದುವೆ ಕುಣಿತ, ನಾಜಿ ಹತ್ಯಾಕಾಂಡದ ಸ್ಮರಣೆ ಅಂದರೆ ಇಲ್ಲಿ ಸಭಾಂಗಣ ತುಂಬುತ್ತದೆ. ಅದೇ ಕಲಾವಿದ “ಇದು ಹೋದ ತಿಂಗಳು ಬರೆದದ್ದು” ಅಂದ ಕೂಡಲೇ ಹಿಂದಿನ ಸಾಲಿನವರು ಕೋಟು ಹುಡುಕತೊಡಗುತ್ತಾರೆ. ನಮ್ಮ ಕನ್ನಡ ಸಂಘಗಳ ರಾಜ್ಯೋತ್ಸವ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನಿಂದ ಬಂದ ತಾರೆ ಹಳೆಯ ಸಿನಿಮಾ ಹಾಡು ಹಾಡಿದರೆ ಟಿಕೆಟ್ ಸಿಗುವುದಿಲ್ಲ, ಇಲ್ಲೇ ನ್ಯೂಜೆರ್ಸಿಯಲ್ಲಿ ಕುಳಿತು ಹೊಸದಾಗಿ ರಾಗ ಕಟ್ಟುವವರಿಗೆ ಊಟದ ಹೊತ್ತಿನಲ್ಲಿ ಹತ್ತು ನಿಮಿಷ. ನೀವು ಏನಾದರೂ ಮಾಡುವುದಾದರೆ ಆ ಹೋದ ತಿಂಗಳ ಹಾಡಿಗೆ ಮಾಡಿ. ಮುಂದೆ ಹೇಳುವುದೆಲ್ಲ ಅದರ ದಾರಿಗಳು.

ಯಾವ ಯಹೂದಿ ಸಂಗೀತ?

‘ಯಹೂದಿ ಸಂಗೀತ’ ಅನ್ನುವುದು ‘ಭಾರತೀಯ ಅಡುಗೆ’ ಅಂದಷ್ಟೇ ಸಡಿಲ ಮಾತು. ಯಾರ ಬೆನ್ನಿಗೆ ನಿಲ್ಲುತ್ತೀರಿ ಎಂದು ಗೊತ್ತಿರಲಿ.

ಪೂರ್ವ ಯುರೋಪಿನ ಅಶ್ಕೆನಾಜಿಗಳ ವಾದ್ಯಸಂಗೀತ ಕ್ಲೆಜ್ಮರ್, ಅವರ ಮಾತು ಯಿಡ್ಡಿಷ್. ಸ್ಪೇನಿನಿಂದ 1492ರಲ್ಲಿ ಹೊರಹಾಕಿಸಿಕೊಂಡು ಬಾಲ್ಕನ್, ತುರ್ಕಿ ಕಡೆ ನೆಲೆಸಿದ ಸೆಫಾರ್ದಿಗಳ ಹಾಡುಗಳು ಲಡಿನೊ ಭಾಷೆಯಲ್ಲಿವೆ. ಬ್ರೂಕ್ಲಿನ್‌ನಲ್ಲಿ ಸಿರಿಯಾದ ಯಹೂದಿಗಳ ದೊಡ್ಡ ಸಮುದಾಯವಿದೆ. ಅವರ ಸಿನಗಾಗ್‌ಗಳಲ್ಲಿ, ಅಂದರೆ ಪ್ರಾರ್ಥನಾ ಮಂದಿರಗಳಲ್ಲಿ, ವಾರದ ವಿಶ್ರಾಂತಿ ದಿನವಾದ ಪ್ರತಿ ಶಬ್ಬಾತ್‌ಗೂ ರಾಗದಂಥ ಒಂದು ಅರಬ್ಬಿ ಮಕಾಮ್ ಗೊತ್ತುಮಾಡಿರುತ್ತಾರೆ; ಆ ವಾರ ಓದುವ ಧರ್ಮಗ್ರಂಥ ತೋರಾದ ಭಾಗಕ್ಕೆ ಹೊಂದುವ ಮಕಾಮ್‌ನಲ್ಲಿ ಪ್ರಾರ್ಥನೆ ಸಾಗುತ್ತದೆ. ಹೊತ್ತಿಗೊಂದು ರಾಗ ಕೇಳಿ ಬೆಳೆದವರಿಗೆ ವಾರಕ್ಕೊಂದು ಮಕಾಮ್ ಅನ್ನುವುದು ಎಷ್ಟು ಹತ್ತಿರದ ವಿಚಾರ ನೋಡಿ. ಇವಲ್ಲದೆ ಸಿನಗಾಗ್‌ನ ಮುಖ್ಯಗಾಯಕರ ಗಾಯನ ಪರಂಪರೆ ಇದೆ, ಹಸಿದಿ ಎಂಬ ಭಕ್ತಿಪಂಥದವರ ಮಾತಿಲ್ಲದ ಹಾಡು ‘ನಿಗುನ್’ ಇದೆ. ಇನ್ನೊಂದು ತುದಿಯಲ್ಲಿ ಇಲ್ಲಿನ ಸಂಗೀತಗಾರ ಜಾನ್ ಝೋರ್ನ್ 1995ರಲ್ಲಿ ಶುರು ಮಾಡಿದ ‘ತ್ಸಾದಿಕ್’ ಲೇಬಲ್‌ನ ಸುತ್ತ ಬೆಳೆದ ಜಾಜ್ ಮತ್ತು ಗದ್ದಲದ ಪ್ರಯೋಗಗಳಿವೆ.

ಒಂದು ತಿಂಗಳು ಬರೀ ಕೇಳಿ, ದುಡ್ಡಿನ ಮಾತು ಆಮೇಲೆ. ಕಿವಿ ಎಲ್ಲಿ ನಿಲ್ಲುತ್ತದೋ ಆ ಒಂದೆರಡು ಕವಲು ಹಿಡಿದುಕೊಳ್ಳಿ. ಎಲ್ಲದಕ್ಕೂ ಕೈ ಹಾಕಿದರೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

“ನಾನು ಯಹೂದಿಯಲ್ಲ, ಇದು ನನ್ನದೇ?” ಅನ್ನುವ ಮುಜುಗರ ಇರುತ್ತದೆ, ನನಗೂ ಇತ್ತು. ಕ್ಲೆಜ್ಮರ್ ಮರುಹುಟ್ಟಿನ ಮುಖ್ಯ ಕ್ಲಾರಿನೆಟ್ ವಾದಕರಲ್ಲಿ ಒಬ್ಬರಾದ ಡಾನ್ ಬೈರನ್ ಕರಿಯ ಅಮೆರಿಕನ್ ಜಾಜ್ ಕಲಾವಿದ ಎಂದು ತಿಳಿದ ಮೇಲೆ ನನ್ನ ಮುಜುಗರ ಅರ್ಧ ಇಳಿಯಿತು. ಇನ್ನರ್ಧ, ಒಂದು ಕುಣಿತದ ರಾತ್ರಿ ಎಂಬತ್ತರ ಅಜ್ಜಿಯೊಬ್ಬರು ನನ್ನ ಕೈ ಹಿಡಿದು ವೃತ್ತಕ್ಕೆ ಎಳೆದಾಗ ಇಳಿಯಿತು.

ಪಂಚಾಂಗ ನೋಡದೆ ದಿನ ಗೊತ್ತುಮಾಡಬೇಡಿ

ಹೊರಗಿನವರು ಹೆಚ್ಚಾಗಿ ಎಡವುವುದು ಇಲ್ಲೇ. ನನ್ನ ಮೊದಲ ಮನೆಕಛೇರಿಯನ್ನು ಮೇ ತಿಂಗಳ ಆರಂಭದ ಒಂದು ಭಾನುವಾರಕ್ಕೆ ಇಟ್ಟಿದ್ದೆ. ಹವೆ ಚೆನ್ನಾಗಿತ್ತು, ಕಲಾವಿದರು ಒಪ್ಪಿದ್ದರು. ಮೇಲಿನ ಮಹಡಿಯ ದಂಪತಿಗಳನ್ನು ಕರೆಯಲು ಹೋದೆ. ಆಕೆ ನಕ್ಕು, “ಬರೋ ಆಸೆ ಇದೆ, ಆದ್ರೆ ಈ ವಾರಗಳಲ್ಲಿ ನಾವು ಲೈವ್ ಸಂಗೀತ ಕೇಳಲ್ಲ” ಅಂದರು. ಪಾಸ್‌ಓವರ್‌ನ (ವಸಂತದ ಹಬ್ಬ) ಎರಡನೇ ರಾತ್ರಿಯಿಂದ 49 ದಿನ ‘ಓಮೆರ್’ ಎಣಿಸುವ ಕಾಲ. ಅದರಲ್ಲಿ ಹೆಚ್ಚಿನ ದಿನ ಸಂಪ್ರದಾಯಸ್ಥರು ಮದುವೆ ಮಾಡುವುದಿಲ್ಲ, ವಾದ್ಯ ಕೇಳುವುದಿಲ್ಲ. ನಡುವೆ 33ನೇ ದಿನ, ‘ಲಾಗ್ ಬಓಮೆರ್’ ಅಂದು, ನಿರ್ಬಂಧ ಸಡಿಲ. ಆಷಾಢದಲ್ಲಿ ಮದುವೆ ಇಟ್ಟು ಮನೆಮನೆಗೆ ಕರೆಯೋಲೆ ಹಂಚಿದ ಹಾಗಾಗಿತ್ತು ನನ್ನ ಸ್ಥಿತಿ.

ಅದಕ್ಕೇ ಈ ಪಟ್ಟಿ ಗೋಡೆಗೆ ಅಂಟಿಸಿಕೊಳ್ಳಿ:

ಶಬ್ಬಾತ್ ಶುಕ್ರವಾರ ಸೂರ್ಯಾಸ್ತಕ್ಕೆ ಶುರು, ಶನಿವಾರ ನಕ್ಷತ್ರ ಕಂಡ ಮೇಲೆ ಮುಕ್ತಾಯ. ನ್ಯೂಯಾರ್ಕಿನಲ್ಲಿ ಡಿಸೆಂಬರ್‌ನಲ್ಲಾದರೆ ಶನಿವಾರ ಸಂಜೆ ಐದೂವರೆಗೆಲ್ಲ ಮುಗಿದಿರುತ್ತದೆ, 8ಕ್ಕೆ ಕಛೇರಿ ಇಡಬಹುದು. ಜೂನ್‌ನಲ್ಲಿ ರಾತ್ರಿ 9 ದಾಟುತ್ತದೆ, ಆಗ ಭಾನುವಾರವೇ ವಾಸಿ. ಹಬ್ಬಗಳೂ ಹಿಂದಿನ ಸಂಜೆಯೇ ಕಾಲಿಡುತ್ತವೆ. ಇಂಗ್ಲಿಷ್ ಕ್ಯಾಲೆಂಡರ್‌ನಲ್ಲಿ ಹಬ್ಬ ಗುರುವಾರ ಎಂದಿದ್ದರೆ ಬುಧವಾರ ರಾತ್ರಿಯೂ ಹೋಯಿತು ಅನ್ನಿ.

ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ರೋಶ್ ಹಶಾನಾ, ಯೋಮ್ ಕಿಪ್ಪುರ್, ಸುಕ್ಕೋತ್ ಹಬ್ಬಗಳು ಸಾಲಾಗಿ ಬರುತ್ತವೆ. ಆ ಮೂರು ವಾರ ಯಾರನ್ನೂ ಯಾವುದಕ್ಕೂ ಕೇಳದಿರುವುದೇ ಒಳ್ಳೆಯದು. ಬೇಸಿಗೆಯಲ್ಲಿ, ಅವರ ಪಂಚಾಂಗದ ತಮ್ಮೂಜ್ 17ರಿಂದ ಆವ್ 9ರವರೆಗೆ, ಇನ್ನೊಂದು ಮೂರು ವಾರದ ಶೋಕಕಾಲವಿದೆ. ಅವರದೂ ನಮ್ಮ ಹಾಗೆ ಚಾಂದ್ರಮಾನದ ತಿಂಗಳು, ಅಧಿಕ ಮಾಸ ಸೇರಿಸಿ ಸೂರ್ಯನೊಂದಿಗೆ ಹೊಂದಿಸುವ ಲೆಕ್ಕ. ಆದ್ದರಿಂದ ಹೋದ ವರ್ಷದ ತಾರೀಖು ಈ ವರ್ಷ ನಂಬಬೇಡಿ. ಹೆಬ್‌ಕ್ಯಾಲ್ ಜಾಲತಾಣದಲ್ಲಿ ಊರು ಹಾಕಿದರೆ ಎಲ್ಲ ಹೊತ್ತೂ ಸಿಗುತ್ತದೆ.

ಯಾರಿಗಾಗಿ ಕಾರ್ಯಕ್ರಮ ಮಾಡುತ್ತೀರಿ ಎನ್ನುವುದರ ಮೇಲೆ ಇದೆಲ್ಲ ನಿಂತಿದೆ ಅನ್ನುವುದನ್ನೂ ಹೇಳಬೇಕು. ಬಹಳಷ್ಟು ಕ್ಲೆಜ್ಮರ್ ಕಲಾವಿದರು ಶುಕ್ರವಾರ ರಾತ್ರಿಯೂ ಬಾರುಗಳಲ್ಲಿ ನುಡಿಸುತ್ತಾರೆ, ಅವರಿಗೆ ತಕರಾರಿಲ್ಲ. ಕಟ್ಟಾ ಸಂಪ್ರದಾಯದ ಗಂಡಸರು ಹೆಂಗಸರ ಗಾಯನ ಕೇಳುವುದಿಲ್ಲ. ಅವರು ಬರುತ್ತಾರೆಂದು ಗಾಯಕಿಯನ್ನು ಕೈಬಿಡಬೇಡಿ. ಬರುವವರಿಗೆ ಕಾರ್ಯಕ್ರಮ ಏನೆಂದು ಮೊದಲೇ ತಿಳಿಸಿ, ನಿರ್ಧಾರ ಅವರದು.

ಹೋಗಿ ಕೂರುವುದು

ಟಿಕೆಟ್ ಕೊಂಡು ಹೋಗಿ ಕೂರುವುದು ಎಲ್ಲಕ್ಕಿಂತ ಸರಳ ಕೆಲಸ. ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ.

ಡಿಸೆಂಬರ್ ಕೊನೆಯ ವಾರ ‘ಯಿಡ್ಡಿಷ್ ನ್ಯೂಯಾರ್ಕ್’ ಉತ್ಸವ ನಡೆಯುತ್ತದೆ. 1985ರಲ್ಲಿ ಶುರುವಾಗಿ ಮೂವತ್ತು ವರ್ಷ ನಡೆದ ‘ಕ್ಲೆಜ್‌ಕ್ಯಾಂಪ್’ ಶಿಬಿರ ನಿಂತ ಮೇಲೆ, 2015ರಲ್ಲಿ ಹುಟ್ಟಿಕೊಂಡದ್ದು. ಬೆಳಿಗ್ಗೆ ಪಾಠ, ಮಧ್ಯಾಹ್ನ ಭಾಷೆ, ರಾತ್ರಿ ಕುಣಿತ. ಪಿಟೀಲು ಬಲ್ಲ ಕನ್ನಡಿಗರು ಇದ್ದರೆ ಬಿಡಲೇಬಾರದು: ಕರ್ನಾಟಕ ಸಂಗೀತದ ಕೈಗೆ ಕ್ರೆಖ್ತ್ಸ್ ಬೇಗ ಕೂರುತ್ತದೆ, ಬಿಲ್ಲಿನ ಹೊಡೆತ ಮಾತ್ರ ಹೊಸದಾಗಿ ಕಲಿಯಬೇಕು.

ನ್ಯಾಷನಲ್ ಯಿಡ್ಡಿಷ್ ಥಿಯೇಟರ್ ಫೋಕ್ಸ್‌ಬೀನೆ 1915ರಿಂದ ನಾಟಕ ಆಡುತ್ತಿದೆ; ಈಗ ಬ್ಯಾಟರಿ ಪಾರ್ಕ್ ಬಳಿಯ ಮ್ಯೂಸಿಯಂ ಆಫ್ ಜ್ಯೂಯಿಶ್ ಹೆರಿಟೇಜ್‌ನಲ್ಲಿದೆ. ಭಾಷೆ ಬರದಿದ್ದರೂ ಚಿಂತೆಯಿಲ್ಲ, ಮೇಲೆ ಇಂಗ್ಲಿಷ್‌ನಲ್ಲಿ ಸಾಲು ಓಡುತ್ತವೆ. 2018ರಲ್ಲಿ ಅವರು ಪ್ರಸಿದ್ಧ ಬ್ರಾಡ್‌ವೇ ಸಂಗೀತ ನಾಟಕವೊಂದನ್ನು ಯಿಡ್ಡಿಷ್‌ನಲ್ಲಿ ಆಡಿದಾಗ ನಟರಲ್ಲಿ ಹಲವರಿಗೇ ಆ ಭಾಷೆ ಬರುತ್ತಿರಲಿಲ್ಲ, ಉಚ್ಚಾರ ಕಲಿತು ಆಡಿದರು. ಕೆಲವೇ ವಾರಕ್ಕೆಂದು ಇಟ್ಟದ್ದು ತಿಂಗಳುಗಟ್ಟಲೆ ನಡೆಯಿತು. 16ನೇ ಬೀದಿಯ ಸೆಂಟರ್ ಫಾರ್ ಜ್ಯೂಯಿಶ್ ಹಿಸ್ಟರಿಯಲ್ಲಿ ಯಿಡ್ಡಿಷ್ ಅಧ್ಯಯನದ ಯೀವೊ ಸಂಸ್ಥೆ, ಅಮೆರಿಕನ್ ಸೆಫಾರ್ದಿ ಫೆಡರೇಷನ್ ಸೇರಿ ಐದು ಸಂಸ್ಥೆಗಳು ಒಂದೇ ಸೂರಿನಡಿ ಇವೆ, ಅಲ್ಲೂ ಕಛೇರಿಗಳಾಗುತ್ತವೆ.

ನನ್ನ ಸಲಹೆ: ದೊಡ್ಡ ಸಂಸ್ಥೆಯ ಒಂದು ಕಾರ್ಯಕ್ರಮಕ್ಕೆ ಹೋದರೆ, ನೆಲಮಾಳಿಗೆಯ ಎರಡಕ್ಕೆ ಹೋಗಿ. ಝೋರ್ನ್ 2005ರಲ್ಲಿ ತೆರೆದ ‘ದ ಸ್ಟೋನ್’ನಂಥ ಜಾಗದಲ್ಲಿ ತಿನ್ನಲು ಕುಡಿಯಲು ಏನೂ ಮಾರುವುದಿಲ್ಲ, ಬಾಗಿಲಲ್ಲಿ ಬಂದ ದುಡ್ಡೆಲ್ಲ ಕಲಾವಿದರಿಗೆ ಎಂಬ ಪದ್ಧತಿಯ ಮೇಲೇ ಅದು ಕಟ್ಟಿದ್ದು. ಅಂಥಲ್ಲಿ ಮುಖ ಪರಿಚಯವಾಗುವಷ್ಟು ಸಲ ಹೋಗಿ. ಪ್ರತಿ ಸಲ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. 23 ಜನರ ಹಾಲ್‌ನಲ್ಲಿ ನೀವು ಕರೆತಂದ ಇಬ್ಬರು ಎದ್ದು ಕಾಣುತ್ತಾರೆ.

ಹಾಡು ಇಷ್ಟವಾದರೆ ಅಂದೇ, ಕಲಾವಿದರು ನೇರವಾಗಿ ಹಾಡು ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಆಲ್ಬಂ ಕೊಳ್ಳಿ. ಸ್ಟ್ರೀಮಿಂಗ್‌ನಲ್ಲಿ ವರ್ಷವಿಡೀ ಕೇಳಿದರೂ ಅಷ್ಟು ದುಡ್ಡು ಅವರ ಕೈ ಸೇರುವುದಿಲ್ಲ.

ದುಡ್ಡು ಎಲ್ಲಿಗೆ, ಹೇಗೆ

ಇದಕ್ಕೊಂದು ಹಳೆಯ ಕತೆ ಹೇಳಲೇಬೇಕು. 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಕ್ಲೆಜ್ಮರ್ ಬಹುಪಾಲು ಮರೆತುಹೋಗಿತ್ತು. ಯುಕ್ರೇನಿನಿಂದ ವಲಸೆ ಬಂದು, ಒಂದು ಕಾಲಕ್ಕೆ ಊರಿನ ಅತಿ ಬೇಡಿಕೆಯ ಮದುವೆ ಕ್ಲಾರಿನೆಟ್ ವಾದಕರಾಗಿದ್ದ ಡೇವ್ ಟಾರಸ್ 80 ದಾಟಿ ಬ್ರೂಕ್ಲಿನ್‌ನಲ್ಲಿ ಸುಮ್ಮನೆ ಕುಳಿತಿದ್ದರು. ಆಂಡಿ ಸ್ಟ್ಯಾಟ್‌ಮನ್ ಎಂಬ ಯುವ ಮ್ಯಾಂಡೊಲಿನ್ ವಾದಕ ಕ್ಲಾರಿನೆಟ್ ಹಿಡಿದು ಅವರ ಬಳಿ ಕಲಿಯಲು ಹೋಗುತ್ತಿದ್ದ. ಜೊತೆಗೆ ಸಂತೂರಿನಂಥ ತ್ಸಿಂಬಲ್ ನುಡಿಸುವ ಜೆವ್ ಫೆಲ್ಡ್‌ಮನ್. ಬಾಲ್ಕನ್ ಕುಣಿತ, ಸಂಗೀತಕ್ಕೆಂದು ಇದ್ದ ಒಂದು ಪುಟ್ಟ ಸಂಸ್ಥೆ ಸರಕಾರಿ ಅನುದಾನ ತಂದು 1978ರಲ್ಲಿ ಟಾರಸ್ ಅವರನ್ನು ಮತ್ತೆ ವೇದಿಕೆಗೆ ಏರಿಸಿತು. ಹಾಲ್ ಕಿಕ್ಕಿರಿಯಿತು. ಮುಂದೆ 1984ರಲ್ಲಿ ಟಾರಸ್‌ಗೆ, 2012ರಲ್ಲಿ ಸ್ಟ್ಯಾಟ್‌ಮನ್‌ಗೆ ರಾಷ್ಟ್ರೀಯ ಪರಂಪರಾ ಫೆಲೋಶಿಪ್ ಬಂತು. ಆ ಪುಟ್ಟ ಸಂಸ್ಥೆ ಈಗ ಸೆಂಟರ್ ಫಾರ್ ಟ್ರೆಡಿಷನಲ್ ಮ್ಯೂಸಿಕ್ ಅಂಡ್ ಡಾನ್ಸ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಆ ದುಡ್ಡು ಹೋದದ್ದು ಒಬ್ಬ ಗುರು, ಇಬ್ಬರು ಶಿಷ್ಯರು, ಒಂದು ಸಂಜೆಗೆ. ಅದು ಚೆಲ್ಲಾಪಿಲ್ಲಿಯಾಗಿ ಹೋಗಲಿಲ್ಲ.

ನೀವು ಕೊಡುವ ದಾರಿ ಮೂರು ತೆರನಾಗಿರಬಹುದು. ಸಂಸ್ಥೆಗೆ ಕೊಡುವುದಾದರೆ ಅದು ದತ್ತಿ ಸಂಸ್ಥೆಗಳ ತೆರಿಗೆ ನಿಯಮ 501(ಸಿ)(3) ಅಡಿ ನೋಂದಾಯಿತವೇ ನೋಡಿ; ಆಗ ತೆರಿಗೆ ಲೆಕ್ಕಕ್ಕೆ ಬರುತ್ತದೆ, ನಿಮ್ಮ ಕಂಪನಿ ನಿಮ್ಮಷ್ಟೇ ದುಡ್ಡು ಸೇರಿಸುವ ಯೋಜನೆ ಇಟ್ಟಿದ್ದರೆ ಅದೂ ದಕ್ಕುತ್ತದೆ. ಐಟಿ ಕೆಲಸದ ನಮ್ಮವರಲ್ಲಿ ಎಷ್ಟೋ ಜನ ಈ ಸೌಲಭ್ಯ ಬಳಸುವುದೇ ಇಲ್ಲ. ಸಂಸ್ಥೆಗಳು ವರ್ಷಕ್ಕೊಮ್ಮೆ ಸಲ್ಲಿಸುವ 990 ನಮೂನೆ ಸಾರ್ವಜನಿಕ. ತೆರೆದು ಓದಿ: ಕಲಾವಿದರಿಗೆ ಎಷ್ಟು ಹೋಗುತ್ತಿದೆ, ವಾರ್ಷಿಕ ಔತಣಕೂಟಕ್ಕೆ ಎಷ್ಟು? ನನ್ನ ಮಟ್ಟಿಗೆ, ಔತಣದ ಮೇಜು ಕೊಳ್ಳುವುದನ್ನು ಬಿಟ್ಟು ಅದೇ ದುಡ್ಡನ್ನು “ಹೊಸ ಕೃತಿಗೆ ಮಾತ್ರ” ಎಂದು ಬರೆದು ಕೊಟ್ಟಿದ್ದೇನೆ. ಹಾಗೆ ಬರೆದು ಕೊಡಬಹುದು.

ಎರಡನೆಯದು, ಸ್ವಂತ ಸಂಸ್ಥೆಯಿಲ್ಲದ ಕಲಾವಿದರಿಗೆ ಮಧ್ಯವರ್ತಿ ಸಂಸ್ಥೆಯ ಮೂಲಕ ಕೊಡುವುದು. ನ್ಯೂಯಾರ್ಕ್ ಫೌಂಡೇಷನ್ ಫಾರ್ ದ ಆರ್ಟ್ಸ್‌ನಂಥವರು ದೇಣಿಗೆ ತೆಗೆದುಕೊಂಡು, ಸಣ್ಣ ಶುಲ್ಕ ಹಿಡಿದು, ಉಳಿದದ್ದನ್ನು ಕಲಾವಿದರಿಗೆ ದಾಟಿಸುತ್ತಾರೆ. ಮೂರನೆಯದು ನೇರ ಕೈಗೆ. ತೆರಿಗೆ ವಿನಾಯಿತಿ ಸಿಗುವುದಿಲ್ಲ, ಆದರೆ ನಾಳೆಯ ಬಾಡಿಗೆಗೆ ಸಿಗುತ್ತದೆ.

ದುಡ್ಡಿಲ್ಲದೆಯೂ ಒಂದು ಕೆಲಸ ಮಾಡಬಹುದು. ಬ್ರೂಕ್ಲಿನ್ ಆರ್ಟ್ಸ್ ಕೌನ್ಸಿಲ್‌ನಂಥ ಬರೋ (ನಗರದ ವಿಭಾಗ) ಮಟ್ಟದ ಮಂಡಳಿಗಳು ನಗರದ, ರಾಜ್ಯದ ಹಣವನ್ನು ಸಣ್ಣ ಅನುದಾನಗಳಾಗಿ ಹಂಚುತ್ತವೆ. ಅರ್ಜಿಯಲ್ಲಿ “ಈ ಕೆಲಸ ಯಾವ ಸಮುದಾಯಕ್ಕೆ ಮುಟ್ಟುತ್ತದೆ” ಎಂದು ಕೇಳುತ್ತಾರೆ. ಕ್ವೀನ್ಸ್‌ನಲ್ಲಿ ಕೂತ ಕನ್ನಡಿಗನೊಬ್ಬ “ಇವರ ಕಛೇರಿಗೆ ನಮ್ಮ ಕಟ್ಟಡದ ಹನ್ನೆರಡು ಮನೆಯವರು ಹೋಗುತ್ತೇವೆ” ಎಂದು ಒಂದು ಪುಟ ಬರೆದು ಕೊಟ್ಟರೆ ಅರ್ಜಿಗೆ ತೂಕ ಬರುತ್ತದೆ. ನಾನು ಇಂಥ ಮೂರು ಪತ್ರ ಬರೆದಿದ್ದೇನೆ. ಒಂದು ಗೆದ್ದಿತು.

ಹೊಸದು ಬರೆಸುವುದು

ಮದುವೆ, ಹುಟ್ಟುಹಬ್ಬ, ಮನೆ ಪ್ರವೇಶ, ಮಗಳ ಪದವಿ, ಯಾವುದಕ್ಕಾದರೂ ಸರಿ, ಮೂರು ನಿಮಿಷದ ಒಂದು ರಾಗ ಬರೆದುಕೊಡಿ ಎಂದು ಕೇಳಬಹುದು. ದೊರೆಗಳೇ ಬೇಕೆಂದಿಲ್ಲ. ಕರಾವಳಿಯಲ್ಲಿ ಸಾಮಾನ್ಯ ಮನೆಯವರು ಹರಕೆ ಆಟ ಆಡಿಸುತ್ತಾರಲ್ಲ, ಆ ರೀತಿ. ಮೊತ್ತ, ಗಡುವು, ಎಷ್ಟು ಜನ ನುಡಿಸುವುದು, ಹಕ್ಕು ಯಾರದು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹಕ್ಕು ಕಲಾವಿದರದೇ ಆಗಿರಲಿ, ನಿಮ್ಮ ಹೆಸರು ‘ಇವರ ಕೋರಿಕೆಯ ಮೇರೆಗೆ’ ಎಂದು ಬಂದರೆ ಸಾಲದೇ? ಅರ್ಧ ಹಣ ಮೊದಲೇ ಕೊಡಿ.

ಕೇಳಿದರೆ ಏನಾಗಬಹುದು ಎನ್ನುವುದಕ್ಕೆ ದೊಡ್ಡ ಉದಾಹರಣೆ ಕ್ಲೆಜ್ಮ್ಯಾಟಿಕ್ಸ್ ತಂಡದ್ದು. ಈಸ್ಟ್ ವಿಲೇಜ್‌ನಲ್ಲಿ 1986ರಲ್ಲಿ ಕೂಡಿದ ತಂಡ. ಅಮೆರಿಕದ ಜನಪದ ಗಾಯಕ ವುಡಿ ಗಥ್ರಿಯ ಅತ್ತೆ ಅಲೀಜಾ ಗ್ರೀನ್‌ಬ್ಲಾಟ್ ಯಿಡ್ಡಿಷ್ ಕವಯಿತ್ರಿ. ಕೋನಿ ಐಲೆಂಡ್‌ನಲ್ಲಿ ಆ ಕುಟುಂಬದ ನೆರೆಯಲ್ಲಿದ್ದಾಗ ಗಥ್ರಿ ಯಹೂದಿ ಹಬ್ಬಗಳ ಮೇಲೂ ಬೇರೆ ವಿಷಯಗಳ ಮೇಲೂ ಸಾಹಿತ್ಯ ಬರೆದಿಟ್ಟಿದ್ದ, ರಾಗವಿರಲಿಲ್ಲ. ಮಗಳು ನೋರಾ ಪೆಟ್ಟಿಗೆ ತೆರೆದು ಈ ತಂಡಕ್ಕೆ ಕೊಟ್ಟಳು. ಅದರಿಂದ ಬಂದ ಆಲ್ಬಂಗಳಲ್ಲಿ ಒಂದಕ್ಕೆ 2007ರಲ್ಲಿ ಗ್ರ್ಯಾಮಿ ಬಂತು.

ಮನೆಕಛೇರಿ, ನಾನು ಮಾಡುವ ಹಾಗೆ

30–35 ಜನ ಕೂರುವ ಕೋಣೆ ಸಾಕು, ನಮ್ಮದು ಸೋಫಾ ಹೊರಗಿಟ್ಟರೆ 32. ತಲೆಗೆ 20 ಡಾಲರ್ ಎಂದು ಮೊದಲೇ ತಿಳಿಸುತ್ತೇನೆ, “ಇಷ್ಟವಿದ್ದಷ್ಟು” ಎನ್ನುವುದಿಲ್ಲ. ನಾಚಿಕೆಯಿಂದ ಹಾಗೆಂದ ಸಲವೆಲ್ಲ ಕಲಾವಿದರಿಗೇ ಕಡಿಮೆಯಾಗಿದೆ. ಮೂವರು ಕಲಾವಿದರಿಗೆ ತಲಾ 200 ಡಾಲರ್ ಖಚಿತ ಎಂದು ಹೇಳಿರುತ್ತೇನೆ. ಕಡಿಮೆ ಬಿದ್ದರೆ ನನ್ನ ಜೇಬು, ಹೆಚ್ಚಾದರೆ ಅವರದು. ತಿಂಡಿಯ ಖರ್ಚು ಇದರಲ್ಲಿ ಸೇರಿಲ್ಲ, ಅದು ಆತಿಥ್ಯ.

ತಿಂಡಿಯಲ್ಲಿ ಒಂದು ಎಚ್ಚರ. “ನಮ್ಮದು ಶುದ್ಧ ಸಸ್ಯಾಹಾರ, ಕೋಶರ್ ಸಮಸ್ಯೆಯೇ ಇಲ್ಲ” ಎಂದು, ಯಹೂದಿಗಳ ಆಹಾರ ನಿಯಮವಾದ ಕೋಶರ್ ಬಗ್ಗೆ ನಾನೂ ಬೀಗಿದ್ದೆ. ಹಾಗಲ್ಲವಂತೆ. ಪಾತ್ರೆ, ಒಲೆ, ಚೀಸ್‌ಗೆ ಹಾಕಿದ ಹೆಪ್ಪು, ದ್ರಾಕ್ಷಿರಸ ಎಲ್ಲಕ್ಕೂ ನಿಯಮವಿದೆ. ಮಡಿಯಲ್ಲಿರುವ ಅಜ್ಜಿಗೆ ಹೋಟೆಲಿನ ಸಾರು ಕೊಟ್ಟು “ಈರುಳ್ಳಿ ಹಾಕಿಲ್ಲ” ಎಂದಷ್ಟೇ ಹೇಳಿದರೆ ಹೇಗೋ ಹಾಗೆ. ಸುಲಭದ ದಾರಿ: ಕತ್ತರಿಸದ ಹಣ್ಣು, ವೃತ್ತದೊಳಗೆ ಯು ಅಕ್ಷರವಿರುವ ಮುದ್ರೆಯ ಮುಚ್ಚಿದ ಪೊಟ್ಟಣಗಳು, ಕಾಗದದ ತಟ್ಟೆ. ಪೊಟ್ಟಣ ಅತಿಥಿಗಳ ಮುಂದೆಯೇ ಒಡೆಯಿರಿ. ನಿಮ್ಮ ಚಿತ್ರಾನ್ನವನ್ನು ಬೇರೆ ಮೇಜಿನ ಮೇಲೆ ಇಡಿ, ತಿನ್ನುವವರು ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಮೊದಲು ಖಾಲಿಯಾಗುವುದು ಅದೇ. ಪಾಸ್‌ಓವರ್‌ನ ಎಂಟು ದಿನ ಬ್ರೆಡ್ ನಿಷಿದ್ಧ. ಅಶ್ಕೆನಾಜಿ ಸಂಪ್ರದಾಯಸ್ಥರಿಗೆ ಅಕ್ಕಿ, ಬೇಳೆಯೂ ಇಲ್ಲ, ಅಂದರೆ ಇಡ್ಲಿಗೂ ರಜೆ.

ತ್ಸಿಂಬಲ್ ವಾದಕರು ಬರುವುದಾದರೆ ಒಂದು ಗಂಟೆ ಮೊದಲೇ ಬಾಗಿಲು ತೆರೆಯಿರಿ. ಸಂತೂರ್‌ನ ದಾಯಾದಿ ಅದು, ತಂತಿಗಳ ಕಾಡು. ಹೊರಗಿನ ಚಳಿಯಿಂದ ಬೆಚ್ಚನೆಯ ಕೋಣೆಗೆ ತಂದರೆ ಶ್ರುತಿ ಓಡಾಡುತ್ತದೆ. ಒಮ್ಮೆ ಆ ವಾದಕ ಕಿವಿಯನ್ನು ಹಲಗೆಗೆ ಒತ್ತಿ, ಕೀಲಿ ತಿರುಗಿಸುತ್ತ, ಮೂಲೆಯ ರೇಡಿಯೇಟರ್ ಕಡೆ ದುರುಗುಟ್ಟಿ ನೋಡಿದ ನೋಟ ಇನ್ನೂ ನೆನಪಿದೆ. ಈಗ ಎರಡು ಗಂಟೆ ಮೊದಲೇ ಅದನ್ನು ಆರಿಸಿಬಿಡುತ್ತೇನೆ, ಅತಿಥಿಗಳು ಸ್ವೆಟರ್ ಹಾಕಿಕೊಂಡೇ ಕೂರುತ್ತಾರೆ.

ಕೊನೆಯ ಇಪ್ಪತ್ತು ನಿಮಿಷಕ್ಕೆ ಕುರ್ಚಿ ಮಡಚಿ. ಇದು ಕುಣಿತದ ಸಂಗೀತ, ಕೂತೇ ಕೇಳಿ ಕಳಿಸಿದರೆ ಅರ್ಧವೂ ಕೇಳಿದಂತಾಗುವುದಿಲ್ಲ. ‘ಬುಲ್ಗಾರ್’ 3+3+2 ಎಣಿಕೆಯಲ್ಲಿ ಓಡುತ್ತದೆ. ‘ಝೋಕ್’ ಮೂರು ಎಣಿಕೆಯದು, ನಡುವಿನ ಹೆಜ್ಜೆ ನುಂಗಿಹೋಗಿ ಕುಂಟುತ್ತ ಸಾಗುತ್ತದೆ: ಒಂದು… ಮೂರು, ಒಂದು… ಮೂರು. ಕೋಲಾಟ ಗೊತ್ತಿದ್ದವರಿಗೆ ಬುಲ್ಗಾರ್ ಐದು ನಿಮಿಷದಲ್ಲಿ ಬರುತ್ತದೆ. ಝೋಕ್ ನನಗೆ ಇವತ್ತಿಗೂ ನೆಟ್ಟಗೆ ಬರುವುದಿಲ್ಲ. ಕೆಳಮನೆಯವರಿಗೆ ಮುಂಚಿತವಾಗಿ ತಿಳಿಸಿ, ಅಥವಾ ಕರೆದುಬಿಡಿ.

ಕನ್ನಡ ಸಂಘದೊಂದಿಗೆ ಸೇರಿಸಿ ಮಾಡುವುದಾದರೆ

‘ಫ್ಯೂಷನ್’ ಎಂಬ ಹೆಸರಿಟ್ಟು ಮೃದಂಗದ ಪಕ್ಕ ಕ್ಲಾರಿನೆಟ್ ಕೂರಿಸಿ ಒಂದೇ ತಾಲೀಮಿನಲ್ಲಿ ವೇದಿಕೆ ಹತ್ತಿಸಬೇಡಿ. ಅಂಥದನ್ನು ನೋಡಿದ್ದೇನೆ, ಎರಡೂ ಕಡೆಯವರು ಸೌಜನ್ಯಕ್ಕೆ ನಗುತ್ತಿದ್ದರು. ಆರು ತಾಲೀಮಿಗೆ ದುಡ್ಡು ಕೊಡಲಾಗುವುದಾದರೆ ಮಾತ್ರ ಕೈಹಾಕಿ. ಶುರು ಮಾಡಲು ಒಳ್ಳೆಯ ಜಾಗ: ಫ್ರೇಗಿಶ್–ವಕುಳಾಭರಣ, ‘ಮಿ ಶೆಬೇರಖ್’ ಎಂಬ ಅವರ ಇನ್ನೊಂದು ಶ್ರೇಣಿ ಮತ್ತು ನಮ್ಮ 58ನೇ ಮೇಳ ಹೇಮವತಿ. ಮೊದಲು ಅವರು, ಆಮೇಲೆ ನಾವು, ಕೊನೆಗೆ ಬೇಕಿದ್ದರೆ ಒಟ್ಟಿಗೆ.

ನಿಜವಾದ ನಂಟುಗಳು ಎಷ್ಟೋ ಇವೆ, ಕಟ್ಟಿಕೊಳ್ಳಬೇಕಿಲ್ಲ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ಮನೆಯ ಪ್ರಸಾರದಿಂದ ಬಂದ ‘ಆಕಾಶವಾಣಿ’ ಎಂಬ ಹೆಸರು ನಮಗೆ ಹೆಮ್ಮೆ. ಅದೇ ಆಕಾಶವಾಣಿಯ ಬೆಳಗಿನ ತಂಬೂರಿ–ಪಿಟೀಲಿನ ಸಂಕೇತ ಸಂಗೀತ ಕಟ್ಟಿದವರೆಂದು ಹೆಸರಾದ ವಾಲ್ಟರ್ ಕೌಫ್‌ಮನ್, ಯುರೋಪಿನಿಂದ 1934ರಲ್ಲಿ ಮುಂಬಯಿಗೆ ಬಂದು ನೆಲೆಸಿದ ಯಹೂದಿ ಸಂಗೀತಗಾರ. ಕೆಲವೇ ವಾದಕರು ನುಡಿಸುವ ಅವರ ಚೇಂಬರ್ ಕೃತಿಗಳನ್ನು ಟೊರಾಂಟೊದ ಎಆರ್‌ಸಿ ಎನ್ಸೆಂಬಲ್ 2020ರಲ್ಲಿ ಧ್ವನಿಮುದ್ರಿಸಿದೆ. ಅದನ್ನು ಇಲ್ಲಿನ ಯುವ ವಾದಕರಿಂದ ನುಡಿಸಿದರೆ ನಮ್ಮ ಹಿರಿಯರು ಎದ್ದು ಕೂರುತ್ತಾರೆ.

ಕೊಂಕಣ ಕರಾವಳಿಯ ಯಹೂದಿಗಳಾದ ಬೆನೆ ಇಸ್ರೇಲಿಗಳು ಹರಿಕಥೆಯ ಧಾಟಿಯಲ್ಲಿ ಬೈಬಲ್ ಕತೆಗಳನ್ನು ಮರಾಠಿಯಲ್ಲಿ ಕೀರ್ತನೆ ಮಾಡುತ್ತಿದ್ದರು. ಅವರ ‘ಮಲೀದಾ’ ಪೂಜೆಯಲ್ಲಿ ಪ್ರವಾದಿ ಎಲೀಯನಿಗೆ ಅರ್ಪಿಸುವುದು ಬೆಲ್ಲ, ತೆಂಗಿನಕಾಯಿ ಕಲಸಿದ ಅವಲಕ್ಕಿ. ನ್ಯೂಯಾರ್ಕ್ ಸುತ್ತಮುತ್ತ ಅವರ ಚಿಕ್ಕ ಸಮುದಾಯವಿದೆ. ಕೊಚ್ಚಿಯ ಯಹೂದಿ ಹೆಂಗಸರ ಮಲಯಾಳಂ ಹಾಡುಗಳು ಕೈಬರಹದ ನೋಟ್‌ಬುಕ್ಕುಗಳಲ್ಲಿ ಉಳಿದು ಬಂದವು. ಇವರನ್ನು ಕರೆಯುವಾಗ “ಅಪರೂಪದ ಭಾರತೀಯ ಯಹೂದಿಗಳು” ಎಂದು ಪ್ರದರ್ಶನದ ವಸ್ತು ಮಾಡಬೇಡಿ. ಈಗ ಏನು ಹಾಡುತ್ತಿದ್ದೀರಿ, ಏನು ಬರೆಯುತ್ತಿದ್ದೀರಿ ಎಂದು ಕೇಳಿ.

ಚಿತ್ರ, ಗಾಜು, ಕಾಗದ

ಮುಂಬಯಿಯ ಬೆನೆ ಇಸ್ರೇಲಿ ಮನೆತನದ ಸಿಯೋನಾ ಬೆಂಜಮಿನ್ ಈಗ ಅಮೆರಿಕದಲ್ಲಿದ್ದಾರೆ. ಅವರ ಚಿತ್ರಗಳಲ್ಲಿ ಬೈಬಲಿನ ಹೆಂಗಸರ ಮೈ ಬಣ್ಣ ಕೃಷ್ಣನ ನೀಲಿ. ಇಂಥವರ ಚಿತ್ರ ಕೊಳ್ಳಲಾಗದಿದ್ದರೆ ಮುದ್ರಿತ ಪ್ರತಿ ಕೊಳ್ಳಿ. ಮದುವೆಯ ಕರಾರುಪತ್ರ ‘ಕೆತುಬಾ’, ಬಾಗಿಲ ಚೌಕಟ್ಟಿನ ‘ಮೆಜೂಜಾ’, ಕತ್ತರಿಸಿದ ಕಾಗದದ ಕಲೆಯಿಂದಲೇ ಬದುಕುವವರು ಈ ಊರಲ್ಲಿದ್ದಾರೆ. ಯಹೂದಿ ಗೆಳೆಯರ ಮದುವೆಗೆ ಉಡುಗೊರೆ ಹುಡುಕುತ್ತಿದ್ದರೆ ಅವರ ಬಳಿಗೆ ಹೋಗಿ.

ಎಲ್ಡ್ರಿಡ್ಜ್ ಬೀದಿಯ ಸಿನಗಾಗ್‌ಗೂ ಒಮ್ಮೆ ಹೋಗಿ. 1887ರ ಕಟ್ಟಡ, ಈಗ ಸುತ್ತ ಚೀನೀಯರ ಅಂಗಡಿಗಳು. ಪೂರ್ವದ ಗೋಡೆಯ ದೊಡ್ಡ ಗುಂಡು ಕಿಟಕಿ ಹಾಳಾಗಿ, 1940ರ ದಶಕದಲ್ಲಿ ಗಾಜಿನ ಇಟ್ಟಿಗೆ ತುಂಬಿದ್ದರು. ಕಟ್ಟಡ ದುರಸ್ತಿಯಾದಾಗ ಆ ಜಾಗಕ್ಕೆ ಏನು ಹಾಕುವುದು ಎಂಬ ಚರ್ಚೆ ಬಂತು. ಹಳೆಯದರಂತೆ ಕಾಣುವ ಕಿಟಕಿ ಕೂರಿಸಬಹುದಿತ್ತು. ಅವರು ಕಿಕಿ ಸ್ಮಿತ್ ಎಂಬ ಕಲಾವಿದೆಗೂ ವಾಸ್ತುಶಿಲ್ಪಿ ಡೆಬೊರಾ ಗ್ಯಾನ್ಸ್‌ಗೂ ಹೊಸದು ಮಾಡಲು ಹೇಳಿದರು. 2010ರಿಂದ ಅಲ್ಲಿ ನೀಲಿ ಆಕಾಶ, ತುಂಬ ನಕ್ಷತ್ರ. ಬೆಳಿಗ್ಗೆ ಹತ್ತರ ಹೊತ್ತಿಗೆ ಬೆಂಚಿನ ಮೇಲೆ ಕೂತು ನೋಡಿ. ಹಳೆಯ ಮರದ ಮೇಲೆ ಆ ನೀಲಿ ನಿಧಾನ ಸರಿಯುತ್ತದೆ.

ಕಷ್ಟದ ಎರಡು ಮಾತು

ಪಿಟ್ಸ್‌ಬರ್ಗ್ ಸಿನಗಾಗ್‌ನಲ್ಲಿ 2018ರ ಅಕ್ಟೋಬರ್‌ನಲ್ಲಿ 11 ಜನರ ಕೊಲೆಯಾದ ಮೇಲೆ ಯಹೂದಿ ಜಾಗಗಳ ಬಾಗಿಲಲ್ಲಿ ಕಾವಲು ಹೆಚ್ಚಿದೆ. ಬ್ಯಾಗ್ ತೋರಿಸಲು ಬೇಸರ ಪಡಬೇಡಿ, ಕರೆದೊಯ್ಯುವ ಗೆಳೆಯರಿಗೂ ಹೇಳಿಟ್ಟಿರಿ. ನೀವೇ ಹಾಲ್ ಹಿಡಿದು ಮಾಡುವುದಾದರೆ ಕಾವಲಿನ ಖರ್ಚನ್ನೂ ಲೆಕ್ಕದಲ್ಲಿ ಸೇರಿಸಿ.

ಇಸ್ರೇಲ್, ಗಾಜಾ ವಿಷಯ. 2023ರ ಅಕ್ಟೋಬರ್ ನಂತರ ಕಲಾವಿದರ ನಡುವೆಯೇ ಬಿರುಕು ಬಿದ್ದಿದೆ, ಒಂದೇ ತಂಡದಲ್ಲಿ ಎರಡು ನಿಲುವಿನವರಿದ್ದಾರೆ. ಎದುರು ಸಿಕ್ಕ ಪ್ರತಿ ಯಹೂದಿ ಕಲಾವಿದನಿಂದ ಆ ಯುದ್ಧದ ಬಗ್ಗೆ ಹೇಳಿಕೆ ಕೇಳಬೇಡಿ. ಕ್ಲಾರಿನೆಟ್ ನುಡಿಸಲು ಅದೊಂದು ಪ್ರವೇಶಪತ್ರವಾಗಬಾರದು. ವೇದಿಕೆಯ ಮೇಲಿಂದ ಅವರು ಮಾತಾಡಿದರೆ ಅದು ಅವರ ಮಾತು. ಸಹ ಪ್ರಾಯೋಜಕರಿದ್ದರೆ ಇದನ್ನು ಮೊದಲೇ ಕೂತು ಮಾತಾಡಿ ಬರೆದಿಟ್ಟುಕೊಳ್ಳಿ. ಪೋಸ್ಟರ್ ಅಚ್ಚಾದ ಮೇಲೆ ಈ ಚರ್ಚೆ ಶುರುವಾದರೆ ಕಾರ್ಯಕ್ರಮ ಉಳಿಯುವುದಿಲ್ಲ.

ಕಛೇರಿ ಮುಗಿದ ಮೇಲೆ

ಅನುಮತಿ ಕೇಳಿ ಧ್ವನಿಮುದ್ರಿಸಿ. ದಿನಾಂಕ, ಸ್ಥಳ, ರಾಗದ ಹೆಸರು, ಬರೆದವರ ಹೆಸರು ಒಂದು ಚೀಟಿಯಲ್ಲಿ ಬರೆದು ಕಡತದ ಜೊತೆ ಇಡಿ, ಒಂದು ಪ್ರತಿ ಕಲಾವಿದರಿಗೆ ಕಳಿಸಿ. ಹೆಸರಿಲ್ಲದ ಧ್ವನಿಮುದ್ರಿಕೆಯ ಗೋಳು ಯೀವೊದ ಧ್ವನಿ ಸಂಗ್ರಹಾಲಯದಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು; ಅಲ್ಲಿ ಬಹುಕಾಲ ದುಡಿದವರು ಲಾರಿನ್ ಸ್ಕ್ಲಾಂಬರ್ಗ್, ಕ್ಲೆಜ್ಮ್ಯಾಟಿಕ್ಸ್‌ನ ಗಾಯಕರೇ. ಹಳೆಯ ಧ್ವನಿಮುದ್ರಿಕೆ ಕೇಳಿ, ಸಂಜೆ ಹೊಸದನ್ನು ಹಾಡುವ ಕೆಲಸ.

ದುಡ್ಡನ್ನು ಲಕೋಟೆಯಲ್ಲಿ ಹಾಕಿ, ಪ್ರತಿಯೊಬ್ಬರಿಗೂ ಬೇರೆ ಬೇರೆ, ಹೆಸರು ಬರೆದು, ಅವರು ಕೋಟು ಹಾಕಿಕೊಳ್ಳುವ ಮೊದಲೇ ಕೊಡಿ. “ನಾಳೆ ಕಳಿಸ್ತೀನಿ” ಬೇಡ. ತಂಡದ ನಾಯಕನ ಕೈಗೆ ಒಟ್ಟಿಗೆ ಕೊಟ್ಟು ಹಂಚಿಕೊಳ್ಳಿ ಎನ್ನುವುದೂ ಬೇಡ. ಬಾಗಿಲಲ್ಲಿ ನಿಂತು ಮುಂದಿನ ದಿನಾಂಕ ಕೇಳಿಬಿಡಿ. ನಾನು ಕಳೆದ ಸಲ ಕೇಳಿದಾಗ ಅಕಾರ್ಡಿಯನ್ ನುಡಿಸುವಾಕೆ ವಾದ್ಯದ ಪಟ್ಟಿ ಭುಜಕ್ಕೇರಿಸುತ್ತ, “ಫೆಬ್ರವರಿಗೆ ಒಂದು ಹೊಸದು ಮುಗಿಯುತ್ತೆ, ಆದ್ರೆ ಎಂಟು ನಿಮಿಷ ಇದೆ, ಜನ ಕೂರ್ತಾರಾ?” ಅಂದಳು. ಫೆಬ್ರವರಿಯ ಎರಡನೇ ಶನಿವಾರ, ಎಂಟು ಗಂಟೆ. 32 ಕುರ್ಚಿ. ರೇಡಿಯೇಟರ್ ಆರಿಸಿರುತ್ತೇನೆ.